ಅಪ್‌ಡೇಟ್: ಮುಟ್ಟು ನಿಲ್ಲುವ ವಯಸ್ಸಿನ ಹೊಟ್ಟೆಯ ಬೊಜ್ಜು, 12 ವಾರಗಳ ಮೇಲೆ

ತೂಕ ಹೆಚ್ಚೇನೂ ಏರದಿದ್ದರೂ ಹೊಟ್ಟೆಯ ಸುತ್ತ ಮಾತ್ರ ಯಾಕೆ ದಪ್ಪವಾಗುತ್ತಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸುತ್ತಳತೆ 91ರಿಂದ 87 ಸೆಂ.ಮೀ.ಗೆ ಇಳಿದಿದೆ, ತೂಕ ಇಳಿದಿದ್ದು ಒಂದೂವರೆ ಕೆಜಿ ಅಷ್ಟೇ.

ಕೆಲಸ ಮಾಡಿದ್ದು ಭಾರ ಎತ್ತುವ ವ್ಯಾಯಾಮದ ಸಲಹೆ. ವಾರಕ್ಕೆ 2 ದಿನ ಸ್ಕ್ವಾಟ್, ಗೋಡೆಗೆ ಪುಷ್‌ಅಪ್, ಡಂಬೆಲ್ ರೋ (ಮುಂದಕ್ಕೆ ಬಾಗಿ ಡಂಬೆಲನ್ನು ಪಕ್ಕೆಯತ್ತ ಎಳೆಯುವುದು): ತಲಾ 10 ಸಲ, 3 ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು; ಹಾಯಾಗಿ ಮುಗಿದರೆ ಭಾರ ಸಾಲದು ಅಂತಲೇ ಅರ್ಥ. ಜೊತೆಗೆ ದೇಹತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್, ಮೂರೂ ಹೊತ್ತಿಗೆ ಹಂಚಿ. (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಿ.)

ಸಿಟ್‌ಅಪ್ ಉಪಯೋಗಕ್ಕೆ ಬರಲಿಲ್ಲ. ಸ್ನಾಯು ಗಟ್ಟಿಯಾಗುತ್ತೆ, ಮೇಲಿನ ಕೊಬ್ಬು ಅಲ್ಲೇ ಇರುತ್ತೆ. ರಾತ್ರಿ ಊಟ ಬಿಡುವುದೂ ಕೈಕೊಟ್ಟಿತು. ಮಲಗುವ ಮುಂಚೆ ಸಿಕ್ಕಿದ್ದೆಲ್ಲ ತಿನ್ನುವ ಹಾಗಾಯ್ತು.

ಗೊತ್ತೇ ಇರದಿದ್ದ ಸಂಗತಿ: ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಕಡಿಮೆಯಾದಾಗ, ಮೊದಲು ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ, ಅಂಗಗಳ ಸುತ್ತ ಸೇರತೊಡಗುತ್ತದೆ. ಹಾರ್ಮೋನ್ ಚಿಕಿತ್ಸೆ ಇರುವುದು ಮೈ ಬಿಸಿಯೇರುವಂಥ ತೊಂದರೆಗಳಿಗೆ, ತೂಕ ಇಳಿಸುವುದಕ್ಕಲ್ಲ.

ಅಳೆಯುವಾಗ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದರೆ ಲೆಕ್ಕವೇ ತಪ್ಪುತ್ತೆ.