ಹನಿ ಹಾಕಿಸಿದ್ರೂ ಭೇದಿ ಯಾಕಾಯ್ತು

ಅಕ್ಕಾ, ಪಾಪುಗೆ ರೋಟಾವೈರಸ್ ಹನಿ ಎಲ್ಲಾ ಡೋಸೂ ಆಗಿದೆ, ಆದ್ರೂ ವಾಂತಿ-ಭೇದಿ ಆಯ್ತಲ್ಲ, ಹಾಗಾದ್ರೆ ಪ್ರತಿಕಾಯ (ರೋಗಾಣುವನ್ನ ಹಿಡಿದು ತಡೆಯೋಕೆ ಮೈ ತಯಾರಿಸೋ ಪ್ರೋಟೀನು) ಮಾಡೋದೇನು ಅಂತ ಕೇಳಿದ್ರಿ. ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ರೋಟಾವೈರಸ್ಸಿಗೆ ಮೂರು ಪದರದ ಚಿಪ್ಪು. ಹೊರಪದರ ವಿಪಿ7 ಅನ್ನೋ ಪ್ರೋಟೀನಿನದು, ಅದರಿಂದ ವಿಪಿ4ನ 60 ಮುಳ್ಳು ಹೊರಗೆ ಚಾಚಿರ್ತವೆ. ಕರುಳಲ್ಲಿ ಆಹಾರ ಅರಗಿಸೋ ಟ್ರಿಪ್ಸಿನ್ ಆ ಮುಳ್ಳನ್ನ ಎರಡಾಗಿ ಕತ್ತರಿಸುತ್ತೆ. ತುದಿ ಭಾಗ ಜೀವಕೋಶಕ್ಕೆ ಅಂಟೋಕೆ, ಬುಡದ್ದು ಪೊರೆ ತೂರೋಕೆ. ನಮ್ಮ ಕಿಣ್ವವೇ ಅದಕ್ಕೆ ಹತ್ಯಾರು ಮಸೆದು ಕೊಟ್ಟ ಹಾಗೆ!

ಪ್ರತಿಕಾಯ ತುದಿಗೆ ಹಿಡಿದ್ರೆ ವೈರಸ್ ಕೋಶಕ್ಕೆ ಅಂಟಲ್ಲ. ಬುಡಕ್ಕೆ ಹಿಡಿದ್ರೆ ಅಂಟುತ್ತೆ, ಆದ್ರೆ ಒಳಗೆ ನುಗ್ಗಕ್ಕಾಗಲ್ಲ. ವಿಪಿ7ಗೆ ಹಿಡಿಯೋದು ಇನ್ನೂ ಚೆಂದ. ವಿಪಿ7 ಮೂರು ಮೂರಾಗಿ ಕೂಡಿಕೊಂಡಿರೋದು ಕ್ಯಾಲ್ಸಿಯಂ ಇರೋದ್ರಿಂದ. ವೈರಸ್ ಕೋಶದೊಳಗೆ ಹೋಗ್ತಾ ಸುತ್ತಲಿನ ಕ್ಯಾಲ್ಸಿಯಂ ಇಳಿಯುತ್ತೆ, ಪದರ ಕಳಚುತ್ತೆ, ಆಮೇಲೇ ಅದು ಕೆಲಸ ಶುರು ಮಾಡೋದು. ಪ್ರತಿಕಾಯ ಆ ಮೂರನ್ನ ಬಿಗಿಯಾಗಿ ಹಿಡಿದುಬಿಟ್ರೆ ಕ್ಯಾಲ್ಸಿಯಂ ಇಳಿದ್ರೂ ಪದರ ಬಿಚ್ಚಲ್ಲ.

ಆದ್ರೆ ಪ್ರತಿಕಾಯ ರಕ್ತದಲ್ಲಿದ್ರಷ್ಟೇ ಸಾಲದು, ಕರುಳೊಳಗೆ ಇರಬೇಕು. ಅಲ್ಲಿ ದುಡಿಯೋದು ಐಜಿಎ ಅನ್ನೋ ಬಗೆಯ ಪ್ರತಿಕಾಯ. ಕರುಳಗೋಡೆಯ ಪ್ಲಾಸ್ಮಾ ಕೋಶಗಳು ಅದನ್ನ ಜೋಡಿಜೋಡಿಯಾಗಿ ತಯಾರಿಸ್ತವೆ, ಮೇಲ್ಪದರದ ಕೋಶಗಳು ಒಳಕ್ಕೆ ದಾಟಿಸ್ತವೆ. ದಾಟುವಾಗ ಒಂದು ತುಣುಕು ಅಂಟಿಕೊಳ್ಳುತ್ತೆ, ಅದಿರೋದ್ರಿಂದ ಜೀರ್ಣರಸಕ್ಕೆ ಬೇಗ ಕರಗಲ್ಲ. ಲಸಿಕೆಯನ್ನ ಬಾಯಿಗೆ ಹಾಕೋದೂ ಇದಕ್ಕೇ.

ಈ ಐಜಿಎ ತಿಂಗಳು ಕಳೆದಂತೆ ಇಳಿಯುತ್ತೆ. ಹಾಗಾಗಿ ಹನಿ ಗಟ್ಟಿಯಾಗಿ ತಡೆಯೋದು ಮೈಯ ನೀರು ಬತ್ತಿಸೋ ಜೋರು ಭೇದಿಯನ್ನ, ಸಣ್ಣಪುಟ್ಟದ್ದು ಬರಬಹುದು. ತಾಯಿಯಿಂದ ಬಂದ ಪ್ರತಿಕಾಯವೂ ಲಸಿಕೆಯ ವೈರಸ್ಸನ್ನೇ ಹಿಡಿದು ಪರಿಣಾಮ ಸ್ವಲ್ಪ ತಗ್ಗಿಸುತ್ತೆ. ಹಾಗಂತ ಎದೆಹಾಲು ನಿಲ್ಲಿಸೋದು ಬೇಡವೇ ಬೇಡ. ಇನ್ನು ಇದು ವಾಂತಿ-ಭೇದಿ ತರೋ ಇನ್ನೊಂದು ವೈರಸ್, ನೋರೋವೈರಸ್ ಆಗಿದ್ರೆ ರೋಟಾ ಪ್ರತಿಕಾಯದಿಂದ ಏನೂ ಪ್ರಯೋಜನ ಇಲ್ಲ. ಅದು ಕೋಶದ ಮೇಲಿನ ರಕ್ತಗುಂಪಿನ ಸಕ್ಕರೆಗೆ ಅಂಟುತ್ತೆ, ಮೇಲ್ಮೈಯನ್ನೂ ಬದಲಿಸ್ತಾ ಇರುತ್ತೆ.

ಹೊಸ ಪ್ರತಿಕಾಯ ಏಳೋಕೆ ಕೆಲವು ದಿನ ಬೇಕು, ಅಲ್ಲಿವರೆಗೆ ಓಆರ್‌ಎಸ್ಸೇ ಗತಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿ. ವಾಂತಿಯಾದ್ರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಕಣ್ಣು ಗುಳಿಬಿದ್ರೆ, ಉಚ್ಚೆ ತುಂಬಾ ಕಮ್ಮಿಯಾದ್ರೆ, ಮಲದಲ್ಲಿ ರಕ್ತ ಕಂಡ್ರೆ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.