ಸಹಾಯ ಬೇಕು: ಯುಪಿಎಸ್ ಜೊತೆ ಯುಎಸ್‌ಬಿ ಸಂಪರ್ಕ ಪದೇ ಪದೇ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ, ದಾರಿ ತೋಚುತ್ತಿಲ್ಲ.

ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಮನೆಯವರ ಫೋಟೊಗಳನ್ನೆಲ್ಲ ಅದರಲ್ಲಿ ಇಟ್ಟಿದ್ದೇನೆ. ಅಪ್ಪನ ಫೋಟೊಗಳಿಗೆ ಬೇರೆ ಪ್ರತಿ ಇಲ್ಲ. ನಮ್ಮಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತದೆ. ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನೇ ಆಫ್ ಆಗಲಿ ಅಂತ 600 ವಿಎ ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಜೋಡಿಸಿ, ಎನ್‌ಯುಟಿ (ಯುಪಿಎಸ್ ಸ್ಥಿತಿ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿದೆ.

ಆದರೆ ವೋಲ್ಟೇಜ್ ಇಳಿದು ಯುಪಿಎಸ್ ಒಳಗಿನ ರಿಲೇ (ತಾನೇ ಬದಲಾಗುವ ಸ್ವಿಚ್) ‘ಟಕ್’ ಅಂದ ಕೂಡಲೇ ಸಂಪರ್ಕ ತಪ್ಪುತ್ತದೆ. ಲಾಗ್‌ನಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಅಂತ ಬರುತ್ತದೆ. ಎರಡು ಸೆಕೆಂಡಿಗೆ ಹೊಸ ನಂಬರಿನಲ್ಲಿ ಯುಪಿಎಸ್ ಮತ್ತೆ ಕಾಣುತ್ತದೆ, ಎನ್‌ಯುಟಿ ಮಾತ್ರ ‘ಡೇಟಾ ಸ್ಟೇಲ್’ (ಹೊಸ ಮಾಹಿತಿ ಬರುತ್ತಿಲ್ಲ) ಅಂತಲೇ ಇರುತ್ತದೆ. ಎನ್‌ಯುಟಿಯ ಡ್ರೈವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ರಾತ್ರಿ ಎದ್ದು ಮಾಡೋಕಾಗಲ್ಲ ಅಲ್ವಾ?

ಕೇಬಲ್ ಬದಲಿಸಿದೆ. ಈಗ ಇರುವುದು ಒಂದು ಮೀಟರಿನದು, ತುದಿಯಲ್ಲಿ ವಿದ್ಯುತ್ ಗದ್ದಲ ತಗ್ಗಿಸುವ ಫೆರೈಟ್ ಉಂಡೆ ಇದೆ. ಹಿಂಬದಿಯ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದೆ. ಯುಎಸ್‌ಬಿ ಸಾಧನಗಳನ್ನು ತಾನೇ ನಿದ್ದೆಗೆ ಕಳಿಸುವ ಆಟೊಸಸ್ಪೆಂಡ್ ಆಫ್ ಮಾಡಿದೆ. ಪೋಲ್ ಇಂಟರ್ವಲ್ (ಎಷ್ಟು ಹೊತ್ತಿಗೊಮ್ಮೆ ಯುಪಿಎಸ್ ಸ್ಥಿತಿ ಕೇಳಬೇಕು ಅನ್ನೋದು) 2ರಿಂದ 15 ಸೆಕೆಂಡಿಗೆ ಏರಿಸಿದೆ. ಏನೂ ಬದಲಾಗಲಿಲ್ಲ.

ಗೊಂದಲ ಇಲ್ಲೇ: ಕೆಲವೊಮ್ಮೆ ರಿಲೇ ಸದ್ದಿಲ್ಲದೆಯೂ, ವೋಲ್ಟೇಜ್ ಸರಿಯಿದ್ದಾಗಲೂ ತಪ್ಪುತ್ತದೆ. ಹಾಗಾದರೆ ಇದು ಕರೆಂಟಿನ ಗದ್ದಲವೋ, ಯುಪಿಎಸ್ ಬೋರ್ಡಿನದೇ ದೋಷವೋ? ಯುಎಸ್‌ಬಿ ಐಸೊಲೇಟರ್ (ಎರಡೂ ಬದಿಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ ಸಾಧನ) ಹಾಕಿ ಇದನ್ನು ಸರಿಮಾಡಿಕೊಂಡವರು ಇದ್ದೀರಾ? ಇಲ್ಲವಾದರೆ, ಯುಪಿಎಸ್ ಮತ್ತೆ ಕಂಡಾಗ ಡ್ರೈವರ್ ತಾನೇ ರೀಸ್ಟಾರ್ಟ್ ಆಗುವಂತೆ ಯುಡೆವ್ ರೂಲ್ (ಸಾಧನ ಜೋಡಿಸಿದಾಗ ಏನು ಮಾಡಬೇಕು ಅಂತ ಲಿನಕ್ಸ್‌ಗೆ ಹೇಳುವ ನಿಯಮ) ಹೇಗೆ ಬರೆಯಬೇಕು?