ಅಣ್ಣನ ಆರ್‌ಎಕ್ಸ್ 100: ಹ್ಯಾಂಡಲ್ ಹಾಕಿಸೋಣ, ಅಗಲದ ಚಕ್ರ ಬೇಡ

ಮಾಣಿ, ನಿನ್ನೆ ರಾತ್ರಿ ನೀನು ಗುಂಪಿಗೆ ಕಳಿಸಿದ ಮೂರು ಫೋಟೋಗಳನ್ನೂ ಕೆಳಗೆ ಬರೆದದ್ದನ್ನೂ ಬೆಳಿಗ್ಗೆ ಎದ್ದವನೇ ಎರಡು ಸಲ ನೋಡಿದೆ. ಕೊಟ್ಟಿಗೆಯ ಪಕ್ಕದ ಮಾಡಿನಡಿ ನಾಲ್ಕು ವರ್ಷ ನಿಂತಿದ್ದ ನನ್ನ ಅಣ್ಣನ, ಅಂದರೆ ನಿನ್ನ ಅಪ್ಪಯ್ಯನ, ಯಮಾಹಾ ಆರ್‌ಎಕ್ಸ್ 100 ಬೈಕನ್ನು ಹೊರಗೆ ತಂದು, ತೊಳೆದು, ಹುಲೇಕಲ್ ರಸ್ತೆಯಲ್ಲಿ ಓಡಿಸಿಯೂ ಬಂದಿದ್ದೀಯ. ನನಗೆ ಕಣ್ಣು ತುಂಬಿ ಬಂತು. ಉತ್ತರ ಉದ್ದವಾಗುತ್ತದೆ, ಕೂತು ಓದು. ಅತ್ತಿಗೆ, ನೀವೂ ಓದಿ. ಓದಿ ಗಾಬರಿಯಾಗಬೇಡಿ, ಅವನನ್ನು ಗಾಡಿ ಮುಟ್ಟಬೇಡ ಎಂದು ತಡೆಯುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ.

ನೀನು ಬರೆದದ್ದು ಇಷ್ಟು. ಹ್ಯಾಂಡಲ್ ಹಿಡಿದರೆ ಅಡ್ಡಾದಿಡ್ಡಿ ಎಳೆಯುತ್ತದೆ, ಮಣಿಕಟ್ಟು ನೋಯುತ್ತದೆ; ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಅದಕ್ಕೆ ಹೊಸ ಬೈಕಿನ ಅಗಲವಾದ ಹ್ಯಾಂಡಲ್, 17 ಇಂಚಿನ ಅಲಾಯ್ ಚಕ್ರ, ಹಿಂದೆ 120 ಮಿಲಿಮೀಟರ್ ಅಗಲದ ಟಯರ್ ಹಾಕಿಸುತ್ತೇನೆ, ಗ್ಯಾರೇಜಿನವರು ಎರಡು ದಿನದಲ್ಲಿ ಮಾಡಿಕೊಡುತ್ತಾರಂತೆ, ಚಿಕ್ಕಪ್ಪ ಏನನ್ನುತ್ತೀರಿ ಎಂದು ಕೇಳಿದ್ದೀಯ.

ಮೊದಲು ಜಾರುವ ವಿಷಯ. ನಿನ್ನ ಮೂರನೇ ಫೋಟೋವನ್ನು ದೊಡ್ಡದು ಮಾಡಿ ಹಿಂದಿನ ಟಯರಿನ ಬದಿಯನ್ನು ನೋಡು. ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇವೆ: 2213. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2013ರ 22ನೇ ವಾರ, ಅಂದರೆ ಆ ವರ್ಷದ ಮೇ ಕೊನೆಯಲ್ಲಿ ತಯಾರಾದ ಟಯರು. ಅಣ್ಣನೇ ಹಾಕಿಸಿದ್ದು. ಹೂವು ಇನ್ನೂ ಸವೆದಿಲ್ಲ, ನೋಡುವುದಕ್ಕೆ ಚೆನ್ನಾಗಿಯೇ ಇದೆ, ನೀನು ಮೋಸಹೋದದ್ದೂ ಅಲ್ಲಿಯೇ. ರಬ್ಬರು ಓಡಿದರೆ ಮಾತ್ರ ಹಾಳಾಗುವುದಿಲ್ಲ, ನಿಂತರೂ ಒಣಗಿ ಗಟ್ಟಿಯಾಗುತ್ತದೆ. ಉಗುರಿನಿಂದ ಒತ್ತಿ ನೋಡು, ಒಳಗೆ ಹೋಗುವುದಿಲ್ಲ. ಅಂಥ ರಬ್ಬರನ್ನು ಮರದ ನೆರಳಿನ, ಪಾಚಿ ಹಿಡಿದ ಟಾರಿನ ಮೇಲೆ ಓಡಿಸಿದರೆ ಜಾರದೆ ಇನ್ನೇನು ಮಾಡುತ್ತದೆ? 70 ಮಿಲಿಮೀಟರ್ ಅಗಲದ್ದಾದರೂ ಜಾರುತ್ತದೆ, 120 ಆದರೂ ಜಾರುತ್ತದೆ. ತೊಂದರೆ ಇರುವುದು ಟಯರಿನ ವಯಸ್ಸಿನಲ್ಲಿ, ಅಗಲದಲ್ಲಲ್ಲ.

ಹ್ಯಾಂಡಲ್ ಎಳೆಯುವುದಕ್ಕೂ ಹ್ಯಾಂಡಲ್ಲೇ ಕಾರಣ ಎಂದು ನನಗೆ ಅನಿಸುತ್ತಿಲ್ಲ. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದೆ ಯಾರನ್ನಾದರೂ ಕೂರಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತು. ಎರಡು ಬೆರಳಿನಲ್ಲಿ ಹ್ಯಾಂಡಲನ್ನು ನಿಧಾನ ಆಚೀಚೆ ತಿರುಗಿಸು. ನಡುವಿಗೆ ಬಂದಾಗ ಟಕ್ ಎಂದು ಕೂತು ಹಿಡಿದುಕೊಂಡರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವಲ್ಲಿರುವ ಬೇರಿಂಗ್, ಹೋಗಿದೆ ಎಂದರ್ಥ. ಒಳಗಿನ ಗುಂಡುಗಳು ವರ್ಷಗಟ್ಟಲೆ ಒಂದೇ ಕಡೆ ಕೂತು ಬಟ್ಟಲಿನಲ್ಲಿ ಗುಳಿ ಮಾಡಿರುತ್ತವೆ. ಆಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡೂ ಕಾಲುಗಳ ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಎಳೆದು ನೋಡು. ಅಲುಗಿದರೆ ಅದೂ ಕೋನ್ ಸೆಟ್ಟಿನದೇ ಕೆಲಸ. ಇದನ್ನು ಬದಲಿಸದೆ ಇನ್ನಷ್ಟು ಅಗಲದ ಹ್ಯಾಂಡಲ್ ಹಾಕಿದರೆ ಕೈಗೆ ಹಗುರ ಎನಿಸುತ್ತದೆ, ಏಕೆಂದರೆ ಮೀಟುಗೋಲು ಉದ್ದವಾದಂತೆ ಬಲ ಕಡಿಮೆ ಸಾಕು. ಆದರೆ ಒಳಗಿನ ರೋಗ ಹಾಗೆಯೇ ಉಳಿಯುತ್ತದೆ, ಗೊತ್ತಾಗುವುದು ಮಾತ್ರ ತಡವಾಗುತ್ತದೆ.

ಇಷ್ಟು ಹೇಳಿ, ಹ್ಯಾಂಡಲಿಗೆ ನನ್ನ ಒಪ್ಪಿಗೆ ಇದೆ. ನೀನು ಅಣ್ಣನಿಗಿಂತ ಒಂದು ಗೇಣು ಎತ್ತರ. ಅವನ ತೋಳಿಗೆ ಹೊಂದಿದ್ದು ನಿನಗೆ ಹೊಂದಬೇಕೆಂದಿಲ್ಲ. ಆದರೆ ಹ್ಯಾಂಡಲ್ ಬದಲಿಸುವುದೆಂದರೆ ನಾಲ್ಕು ಬೋಲ್ಟ್ ಬಿಚ್ಚಿ ಹಾಕುವ ಕೆಲಸ ಎಂದುಕೊಳ್ಳಬೇಡ. ನಮ್ಮ ಗಾಡಿಯ ಹ್ಯಾಂಡಲ್ ಕೂರುವ ಜಾಗ 22 ಮಿಲಿಮೀಟರ್ ಕೊಳವೆಗೆ ಮಾಡಿದ್ದು. ಈಗಿನ ಕೆಲವು ದೊಡ್ಡ ಬೈಕುಗಳ ಹ್ಯಾಂಡಲ್ ನಡುವಿನಲ್ಲಿ 28.6 ಮಿಲಿಮೀಟರ್ ದಪ್ಪ ಇರುತ್ತದೆ, ಅದು ಕೂರುವುದಿಲ್ಲ. ಕೂರಿಸುತ್ತೇನೆ ಎಂದು ಯಾರಾದರೂ ಉಜ್ಜಲು, ಕೊರೆಯಲು ಹೊರಟರೆ ಅಲ್ಲಿಂದ ಗಾಡಿ ತೆಗೆದುಕೊಂಡು ಮನೆಗೆ ಬಾ. 22ರದ್ದೇ ತೆಗೆದುಕೋ, ತುಸು ಮಾತ್ರ ಅಗಲದ್ದು, ತುಸು ಮಾತ್ರ ಎತ್ತರದ್ದು.

ಇನ್ನು ಕೇಬಲ್ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದು. ಈ ಗಾಡಿಯಲ್ಲಿ ಆಕ್ಸಿಲರೇಟರ್ ಕೇಬಲ್ ಹಿಡಿಕೆಯಿಂದ ಒಂದಾಗಿ ಹೊರಟು ನಡುವೆ ಎರಡು ಕವಲಾಗುತ್ತದೆ. ಒಂದು ಕಾರ್ಬ್ಯುರೇಟರಿಗೆ, ಇನ್ನೊಂದು ಎಣ್ಣೆಯ ಪಂಪಿಗೆ. ಎರಡು ಸ್ಟ್ರೋಕಿನ ಎಂಜಿನ್ ಇದು. ಪೆಟ್ರೋಲಿನ ಜೊತೆ ಹೋಗುವ ಆ ಎಣ್ಣೆಯೇ ಪಿಸ್ಟನ್ನಿನ ಜೀವ. ಎಕ್ಸಿಲರೇಟರ್ ಎಷ್ಟು ತಿರುಗಿಸುತ್ತೀಯೋ ಅದಕ್ಕೆ ತಕ್ಕಷ್ಟು ಎಣ್ಣೆ ಹೋಗುವಂತೆ ಮಾಡಿಟ್ಟಿದ್ದಾರೆ. ಎತ್ತರದ ಹ್ಯಾಂಡಲಿಗೆ ಹಳೆಯ ಕೇಬಲನ್ನು ಎಳೆದು ಕಟ್ಟಿದರೆ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಎಂಜಿನ್ ತಾನಾಗಿಯೇ ಏರುತ್ತದೆ. ಬೇರೆ ಉದ್ದದ ಕೇಬಲ್ ಹಾಕಿ ಪಂಪನ್ನು ಮತ್ತೆ ಹೊಂದಿಸದಿದ್ದರೆ ಎಣ್ಣೆ ಕಡಿಮೆಯಾಗಿ ಘಟ್ಟ ಹತ್ತುವಾಗಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪಂಪಿನ ಗಾಲಿಯ ಮೇಲೆ ಗುರುತು ಇರುತ್ತದೆ, ಅದಕ್ಕೆ ಹೊಂದಿಸಲೇಬೇಕು. ಆ ಪಂಪನ್ನೇ ಕಿತ್ತು ಹಾಕಿ ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಳ್ಳಿ ಎನ್ನುವವರು ಬಹಳ ಮಂದಿ ಇದ್ದಾರೆ. ಅಣ್ಣ ಮೂವತ್ತು ವರ್ಷದ ಹತ್ತಿರ ಅದಕ್ಕೆ ಒಪ್ಪಲಿಲ್ಲ, ಈಗ ನೀನೂ ಒಪ್ಪಬೇಡ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಗಾಡಿಯನ್ನು ನ್ಯೂಟ್ರಲಿನಲ್ಲಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡದ ತುದಿಗೆ, ಬಲದ ತುದಿಗೆ ತಿರುಗಿಸು. ಎಂಜಿನ್ ಸದ್ದು ಒಂದಿಷ್ಟೂ ಬದಲಾಗಬಾರದು. ಕೈಬೆರಳು ಟ್ಯಾಂಕಿಗೆ ತಾಗಬಾರದು. ಕ್ಲಚ್ಚಿನ, ಮುಂದಿನ ಬ್ರೇಕಿನ ಕೇಬಲ್ ಎಲ್ಲಿಯೂ ಬಿಗಿಯಬಾರದು. ಸ್ವಿಚ್ಚಿನ ವೈರು ತ್ರಾಸು ಪಡಬಾರದು.

ಚಕ್ರಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಏಕೆ ಎಂದು ಹೇಳುತ್ತೇನೆ, ನಿನ್ನ ಚಿಕ್ಕಮ್ಮನೂ ಇದನ್ನು ಓದುತ್ತಿದ್ದಾಳೆ.

2003ರಲ್ಲಿ, ನಮ್ಮ ಮದುವೆಯಾದ ಮರುವರ್ಷ, ನನ್ನ ಬಳಿಯೂ ಇದೇ ಮಾದರಿಯ ಗಾಡಿ ಇತ್ತು. ಕರಾವಳಿಯ ಒಂದು ಗ್ಯಾರೇಜಿನಲ್ಲಿ ಬೇರೊಂದು ದೊಡ್ಡ ಬೈಕಿನ ಹಿಂದಿನ ಚಕ್ರ ಹಾಕಿಸಿದೆ. ಹಬ್ ಬೇರೆ, ಆಕ್ಸೆಲ್ ಬೇರೆ. ಲೇತಿನಲ್ಲಿ ಬುಷ್ ಕಡೆಸಿ ಎರಡೂ ಬದಿಗೆ ತುಂಬಿಸಿ ಕೂರಿಸಿದರು. ನಿಂತಾಗ ನೋಡುವುದಕ್ಕೆ ಬಲು ಚೆಂದ. ಆದರೆ ಮುಂದಿನ ಚೈನ್ ಚಕ್ರಕ್ಕೂ ಹಿಂದಿನದಕ್ಕೂ ನೇರ ಗೆರೆ ತಪ್ಪಿತ್ತು, ಆ ಅಗಲದ ಟಯರಿಗೆ ಜಾಗ ಬಿಡಲು ಚೈನನ್ನು ಹೊರಗೆ ತಳ್ಳಿದ್ದರು. ಎರಡು ತಿಂಗಳು ಓಡಿತು. ಶ್ರಾವಣದ ಮಳೆಯಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಚೈನ್ ಹಾರಿ ಚಕ್ರಕ್ಕೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಅಲ್ಲಿಯೇ ನಿಂತುಬಿಟ್ಟಿತು. ಹಿಂದೆ ಅವಳು ಕೂತಿದ್ದಳು. ನಾವು ಗುಡ್ಡದ ಬದಿಗೆ ಬಿದ್ದೆವು, ಕಣಿವೆಯ ಬದಿಗಲ್ಲ. ಅವಳ ಮೊಣಕೈಯ ಮೇಲಿನ ಗೆರೆ ನೀನು ಚಿಕ್ಕವನಿದ್ದಾಗ ಬೆರಳಿಟ್ಟು ಕೇಳುತ್ತಿದ್ದೆಯಲ್ಲ, ಅದು ಆ ದಿನದ್ದು. ಆ ರಾತ್ರಿ ಲಾರಿಯಲ್ಲಿ ಗಾಡಿ ಹೇರಿಸಿ ನಮ್ಮಿಬ್ಬರನ್ನೂ ಕರೆತಂದವನು ನಿನ್ನ ಅಪ್ಪಯ್ಯ. ನನಗೆ ಒಂದು ಮಾತೂ ಆಡಲಿಲ್ಲ.

ಹಿಂದಿನ ಡ್ರಮ್ ಬ್ರೇಕಿನ ತಟ್ಟೆಯನ್ನು ಸ್ವಿಂಗ್ ಆರ್ಮ್‌ಗೆ, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೆ, ಕಟ್ಟಿ ಹಿಡಿಯುವ ಒಂದು ಕಬ್ಬಿಣದ ಪಟ್ಟಿ ಇದೆ, ನೋಡಿರುತ್ತೀಯ. ಬ್ರೇಕ್ ಒತ್ತಿದಾಗ ಆ ತಟ್ಟೆ ಚಕ್ರದ ಜೊತೆ ತಿರುಗದಂತೆ ತಡೆಯುವುದು ಅದೊಂದೇ. ಬೇರೆ ಬೈಕಿನ ಚಕ್ರ ಹಾಕಿದಾಗ ಅದಕ್ಕೆ ಸರಿಯಾದ ಜಾಗ ಇರುವುದಿಲ್ಲ. ಎಲ್ಲಿಯೋ ಒಂದು ತುಂಡನ್ನು ಬೆಸೆದು ಸಿಕ್ಕಿಸುತ್ತಾರೆ. ಆ ಬೆಸುಗೆಯ ಮೇಲೆ ಎರಡು ಜೀವ ಕೂತು ಘಟ್ಟ ಇಳಿಯುತ್ತವೆ. ಮುಂದಿನ ಚಕ್ರದ್ದೂ ಇದೇ ಕಥೆ.

ಲೆಕ್ಕವನ್ನೂ ನೋಡು. ಈ ಗಾಡಿಗೆ ಕಂಪನಿ ಕೊಟ್ಟ ಟಯರು ಮುಂದೆ 2.50-18, ಹಿಂದೆ 2.75-18; ಮೊದಲಿನದು ಟಯರಿನ ಅಗಲ, ಆಮೇಲಿನದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. 98 ಸಿಸಿ, 11 ಅಶ್ವಶಕ್ತಿ, ಹಗುರವಾದ ಮೈ. ಅಣ್ಣನ ಗಾಡಿ ಚಿಗರೆಯ ಹಾಗೆ ನೆಗೆಯುತ್ತಿದ್ದುದು ಆ ಹಗುರದಿಂದಲೇ. ಭಾರದ ಚಕ್ರ ಹಾಕಿದರೆ ಪ್ರತಿ ಸಲ ಅದನ್ನು ತಿರುಗಿಸಲು, ನಿಲ್ಲಿಸಲು ಹೆಚ್ಚು ಬಲ ಬೇಕು, ಇರುವ ಡ್ರಮ್ ಬ್ರೇಕು ಮಾತ್ರ ಹಳೆಯದೇ. ಹಳೆಯ ರಿಮ್ಮನ್ನೇ ಉಳಿಸಿಕೊಂಡು ಟಯರ್ ಮಾತ್ರ ಅಗಲದ್ದು ಹಾಕುತ್ತೇನೆ ಎಂದರೂ ಆಗದು. ಕಿರಿದಾದ ರಿಮ್ಮಿನಲ್ಲಿ ಅಗಲದ ಟಯರಿನ ಬದಿಗಳು ಒಳಗೆ ಒತ್ತಿಕೊಂಡು ನೆತ್ತಿ ಉಬ್ಬುತ್ತದೆ, ನೆಲಕ್ಕೆ ತಾಗುವ ಜಾಗ ನೀನೆಣಿಸಿದಷ್ಟು ಹೆಚ್ಚುವುದಿಲ್ಲ. ನಮ್ಮ ಮಳೆಗಾಲದ ಕೆಂಪು ಕೆಸರಿನಲ್ಲಂತೂ ಕಿರಿದಾದ ಟಯರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ನಿನಗೆ ಮನಸ್ಸು ಕೇಳದಿದ್ದರೆ ಹಿಂದೆ ಒಂದು ಅಳತೆ ಮೇಲಿನದು, 3.00-18, ಅಷ್ಟೇ. ಅದನ್ನೂ ಹಾಕಿದ ಮೇಲೆ ಚೈನಿಗೆ, ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ಒಬ್ಬರನ್ನು ಹಿಂದೆ ಕೂರಿಸಿ ನೋಡಬೇಕು.

ಕಾನೂನಿನ ಮಾತು ಚುಟುಕಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂದು, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಾಗಿದೆ. ನಮ್ಮದು 1994ರ ಕೆಎ 31 ಗಾಡಿ. ಮೊದಲ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುತ್ತ ಬಂದಿದ್ದೇವೆ, ಮುಂದಿನದು 2029ಕ್ಕೆ. ಆಗ ಗಾಡಿಯನ್ನು ತಪಾಸಣೆಗೆ ಒಯ್ದು ನಿಲ್ಲಿಸಬೇಕು. ಅಲಾಯ್ ಚಕ್ರ, 120ರ ಟಯರ್ ಹಾಕಿಕೊಂಡು ಹೋಗಿ ಏನೆಂದು ಉತ್ತರ ಹೇಳುತ್ತೀಯ? ಹ್ಯಾಂಡಲನ್ನೂ ಮೂಲದ ಅಳತೆಗೆ ಹತ್ತಿರದ್ದೇ ಆರಿಸು ಎಂದು ನಾನು ಹೇಳುವುದು ಇದಕ್ಕೂ ಸೇರಿಯೇ.

ಹಾಗಾದರೆ ಚಕ್ರಕ್ಕೆ ಎಂದು ಎತ್ತಿಟ್ಟ ದುಡ್ಡನ್ನು ಏನು ಮಾಡುವುದು? ಎರಡು ಹೊಸ ಟಯರು, ಎರಡು ಟ್ಯೂಬು. ಕೋನ್ ಸೆಟ್. ಎರಡೂ ಚಕ್ರದ ಬೇರಿಂಗ್. ಹಿಂದೆ ಮುಂದೆ ಹೊಸ ಬ್ರೇಕ್ ಲೈನರ್, ಡ್ರಮ್ ಸವೆದು ಗೆರೆ ಬಿದ್ದಿದ್ದರೆ ಲೇತಿನಲ್ಲಿ ಸಮ ಮಾಡಿಸು. ಫೋರ್ಕಿನ ಆಯಿಲ್ ಸೀಲ್. ಸ್ಪೋಕ್ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡು, ಮಂಕಾದ ಸದ್ದು ಬಂದದ್ದು ಸಡಿಲ. ನಮ್ಮ ಕಾರವಾರದ ಉಪ್ಪು ಗಾಳಿಯಲ್ಲಿ ರಿಮ್ಮು ಎರಡು ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ, ನಿಮ್ಮ ಶಿರಸಿಯಲ್ಲಿ ಅಷ್ಟಿಲ್ಲ; ಫೋಟೋದಲ್ಲಿ ರಿಮ್ಮು ಇನ್ನೂ ಹೊಳೆಯುತ್ತಿದೆ. ಅದು ಮೂಲದ ರಿಮ್ಮು. 1996ರಲ್ಲಿ ತಯಾರಿ ನಿಂತ ಗಾಡಿಯ ಮೂಲದ ರಿಮ್ಮು, ಹಬ್ಬುಗಳಿಗಾಗಿ ಜನ ಊರೂರು ಅಲೆಯುತ್ತಾರೆ. ನೀನು ಅದನ್ನು ಬಿಚ್ಚಿ ಗ್ಯಾರೇಜಿನ ಮೂಲೆಗೆ ಹಾಕಿಬಂದರೆ ಮತ್ತೆ ಸಿಗುವುದಿಲ್ಲ.

ಅತ್ತಿಗೆ, ಅಣ್ಣನ ಹಳೆಯ ಹ್ಯಾಂಡಲ್ ಬಿಚ್ಚಿದ ಮೇಲೆ ಎಣ್ಣೆ ಒರೆಸಿ ಅಟ್ಟದ ಮೇಲೆ ಇಡಿಸಿ. ಆ ಬಲಗೈ ಹಿಡಿಕೆಯ ರಬ್ಬರು ಅವನ ಹೆಬ್ಬೆರಳಿನ ಜಾಗದಲ್ಲಿ ಸವೆದಿದೆ. ಅಡಿಕೆ ಚೀಲ ಹಿಂದೆ ಕಟ್ಟಿಕೊಂಡು ಶಿರಸಿ ಪೇಟೆಗೆ ಹೋಗುತ್ತಿದ್ದವನ ಕೈ ಅದು. ಅದನ್ನು ಯಾರಿಗೂ ಕೊಡಬೇಡಿ.

ಮಾಣಿ, ನಾನು ಬರುವ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟು ಬರುತ್ತೇನೆ. ಕೋನ್ ಸೆಟ್ ಕೂರಿಸುವ ಸಲಕರಣೆ ನನ್ನ ಬಳಿ ಇದೆ, ತರುತ್ತೇನೆ. ಭಾನುವಾರ ಇಡೀ ದಿನ ಜಗಲಿಯ ಮುಂದೆ ಕೂತು ಇಬ್ಬರೂ ಮಾಡೋಣ. ಅಲ್ಲಿಯ ತನಕ ಗ್ಯಾರೇಜಿಗೆ ಮುಂಗಡ ಕೊಡಬೇಡ, ಆ ಟಯರಿನಲ್ಲಿ ಪೇಟೆಗೂ ಹೋಗಬೇಡ. ಇವತ್ತು ಸಂಜೆಯೊಳಗೆ ಎರಡು ಫೋಟೋ ಬೇಕು: ಎಡಗಡೆಯಿಂದ ಚೈನಿಗೂ ಟಯರಿಗೂ ನಡುವಿನ ಸಂದು ಕಾಣುವಂತೆ ಒಂದು, ಮುಂದಿನ ಟಯರಿನ ಬದಿಯ ಅಂಕಿ ಕಾಣುವಂತೆ ಒಂದು.